ಇಪ್ಪತ್ತೆರಡು ಕುದುರೆಗಳ ಹೆಸರು

ಸೆಪ್ಟೆಂಬರ್ 28, 1921. ಬುಧವಾರ ಬೆಳಿಗ್ಗೆ

ನಮ್ಮ ಹೆಣ್ಣುಕುದುರೆ ಲೊಟ್ಟೆ ನನ್ನ ಕಾಲು ತುಳಿದಳು. ಎಡಗಾಲು. ಹೆಬ್ಬೆರಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದೆ. ತಪ್ಪು ಅವಳದಲ್ಲ. ಎಪ್ಪತ್ತೊಂದರ ಮುದುಕಿ ಬಕೆಟ್ ಹಿಡಿದು ಎರಡು ಹೆಣ್ಣುಕುದುರೆಗಳ ನಡುವೆ ನುಗ್ಗಿದರೆ ಇನ್ನೇನಾದೀತು.

ಎವಾಲ್ಡ್ ನೀರು ಸೇದಿ ಲಾಯದ ಹೊಸ್ತಿಲವರೆಗೆ ತಂದಿಟ್ಟ. ಅಲ್ಲಿಗೆ ನಿಂತ. ಯಾವತ್ತೂ ಅಲ್ಲಿಗೇ. ಯುದ್ಧದಿಂದ ಬಂದು ಮೂರು ವರ್ಷ ಆಗುತ್ತ ಬಂತು, ಒಳಗೆ ಹೆಜ್ಜೆ ಇಟ್ಟಿಲ್ಲ. ಹೆಸರಿಗೆ ಡ್ರಗೂನ್ ರೆಜಿಮೆಂಟಿನ ಕುದುರೆ ಸವಾರ! ನಡೆಯಲು ಬರುವ ಮೊದಲೇ ಕುದುರೆಯ ಮೇಲೆ ಕೂತಿದ್ದ ಹುಡುಗ. ತಾಯಿಯಿಲ್ಲದ ಮೊಮ್ಮಗನನ್ನು ಬೆಳೆಸಿದ್ದು ಅರ್ಧ ನಾನು, ಅರ್ಧ ಆ ಲಾಯ.

“ಒಳಗೆ ಬಾರೋ, ಕಚ್ಚಲ್ಲ ಅವು.”

“ಬಕೆಟ್ ಇಲ್ಲಿದೆ ಅಜ್ಜಿ.”

ಯಾಕೆ ಅಂತ ಕೇಳಿದರೆ ಗೋಡೆ ನೋಡುತ್ತಾನೆ. ಗೋಡೆಗೂ ಬೇಸರ ಬಂದಿರಬೇಕು.

ಅಕ್ಟೋಬರ್ 2, ಭಾನುವಾರ

ಚರ್ಚಿನಿಂದ ಕುಂಟಿಕೊಂಡು ಬಂದೆ. ಪಕ್ಕದ ಹೊಲದ ಗುಸ್ತಾಫ್ ಆಡೊಮಾಟ್ ಹಿಂದೆಯೇ ಬಂದ. ಟೋಪಿ ಕೈಯಲ್ಲಿ. ಅವನು ಟೋಪಿ ತೆಗೆದನೆಂದರೆ ಏನೋ ಬೇಕಾಗಿದೆ ಎಂದರ್ಥ.

“ಅಮ್ಮಾ, ಎಷ್ಟು ದಿನ ಒಬ್ರೇ ಒದ್ದಾಡ್ತೀರಿ? ಕುದುರೆಗಳನ್ನ ನಂಗೆ ಕೊಡಿ. ಹೊಲಾನೂ ಗೇಣಿಗೆ ಹಾಕಿ. ಚೆನ್ನಾಗಿ ನೋಡ್ಕೋತೀನಿ.”

“ನಿನ್ನ ಹೆಂಡತೀನ ನೋಡ್ಕೊಂಡ ಹಾಗಾ?”

ನಕ್ಕ. ಆದರೂ ಹೋಗಲಿಲ್ಲ. ಕಾಲು ನೋಯುತ್ತಿತ್ತು. ಬೇಡ ಎನ್ನುವುದಕ್ಕೂ ತ್ರಾಣ ಬೇಕಲ್ಲ... ಮಾರ್ಟಿನಿ ಹಬ್ಬದ ದಿನ ಹೇಳುತ್ತೇನೆ ಅಂದೆ. ನವೆಂಬರ್ ಹನ್ನೊಂದು. ಗೇಣಿ ಮಾತು ಮುಗಿಸುವ ದಿನವೂ ಅದೇ. ಅರ್ಧ ಕೊಟ್ಟ ಹಾಗೇ ಆಯಿತು.

ಕುದುರೆ ಹೋದರೆ ಹೊಲ ಹೋಯಿತು. ಹೊಲ ಹೋದರೆ ಎವಾಲ್ಡ್ ಇಟ್ಟಿಗೆ ಭಟ್ಟಿಗೆ ಕೂಲಿ. ಅಲ್ಲಿ ಗೋಡೆಗಳಿಗೆ ಬರವಿಲ್ಲ, ಬೇಕಾದಷ್ಟು ನೋಡಬಹುದು.

ಅಕ್ಟೋಬರ್ 9, ಭಾನುವಾರ

ನಿನ್ನೆ ಅಂಚೆಯವನು ದಪ್ಪ ಲಕೋಟೆ ತಂದ. ರೆಜಿಮೆಂಟಿನ ಹಳೆಯ ಸವಾರರ ಸಂಘದ್ದು. ಕ್ಯಾಪ್ಟನ್ ಫಾನ್ ಕ್ರೆಲ್ಲಿನ್ ಅನ್ನುವವರು ರೆಜಿಮೆಂಟಿನ ಇತಿಹಾಸ ಬರೆಯುತ್ತಿದ್ದಾರಂತೆ. ಹಳೇ ರಾಜನ ಕಾಲದಿಂದ ಹಿಡಿದು ಎರಡು ವರ್ಷದ ಹಿಂದೆ ದಂಡನ್ನೇ ವಿಸರ್ಜಿಸುವ ತನಕ. ಎರಡನೇ ತುಕಡಿಯಲ್ಲಿ ಬದುಕಿ ಬಂದವರೆಲ್ಲ ಈ ಹಾಳೆ ಓದಿ, ತಪ್ಪಿದ್ದರೆ ತಿದ್ದಬೇಕಂತೆ.

ಎವಾಲ್ಡ್ ತೆರೆಯಲಿಲ್ಲ. ಸೌದೆ ಪೆಟ್ಟಿಗೆಗೆ ಹಾಕಿದ. ನಾನು ತೆಗೆದುಕೊಂಡು ಒಡೆದೆ. ಅಚ್ಚಾದ ಕಾಗದದಲ್ಲಿ ಒಲೆ ಹಚ್ಚುವಷ್ಟು ದೊಡ್ಡವರಲ್ಲ ನಾವು.

ಅಕ್ಟೋಬರ್ 10, ಸೋಮವಾರ

ಮಧ್ಯಾಹ್ನ ಅವನು ಆಲೂಗಡ್ಡೆ ಸುಲಿಯಲು ಕೂತ. ನಾನು ಎದುರಿಗೆ ಕೂತು ಗಟ್ಟಿಯಾಗಿ ಓದಿದೆ. ಮೂರು ಚಳಿಗಾಲದ ಶಾಲೆ ನನ್ನದು, ಅಕ್ಷರದ ಕೆಳಗೆ ಬೆರಳಿಟ್ಟೇ ಓದಬೇಕು. ರಾಜ, ರಾಣಿ, ನೀಲಿ ಕೋಟು, ಬೆಳ್ಳಿಯ ನಗಾರಿ. ಯಾವ ಯುದ್ಧದಲ್ಲಿ ಯಾರ ಟೋಪಿ ಹಾರಿತು, ಎಲ್ಲ ಇದೆ. ಅವನು ಸುಲಿಯುತ್ತಲೇ ಇದ್ದ. ಆಮೇಲೆ 1914ರ ಆಗಸ್ಟ್. “ಅಂದು... ಶತ್ರು... ಫಿರಂಗಿಯ... ಗುಂಡಿಗೆ... ಎರಡನೇ ತುಕಡಿಯ ಇಪ್ಪತ್ತೆರಡು ಕುದುರೆಗಳು...”

ಚಾಕು ನಿಂತಿತು.

“ಇನ್ನೊಂದ್ಸಲ ಓದಜ್ಜಿ.”

ಓದಿದೆ.

“ಸುಳ್ಳು.”

“ಅಚ್ಚಾಗಿದೆ ಕಣೋ.”

“ಅಚ್ಚಾದ ಸುಳ್ಳು. ಗುಂಡು ಬೀಳ್ಲೇ ಇಲ್ಲ ಅವತ್ತು.”

ಆಮೇಲೆ ಹೇಳಿದ. ಏಳು ವರ್ಷದ್ದನ್ನು ಏಳು ನಿಮಿಷದಲ್ಲಿ. ಎರಡು ದಿನ ಮೇವಿಲ್ಲ. ದಾರಿಯಲ್ಲಿ ಯಾರದೋ ಕಣಜ, ಆಗಷ್ಟೇ ಕೊಯ್ದ ಹೊಸ ರೈ ಧಾನ್ಯ. ಹಾಕಿ ಎಂದು ಆಜ್ಞೆ. ತಿಂದ ಮೇಲೆ ಹೊಳೆಗೆ ಇಳಿಸಿ, ನೀರು ಕುಡಿಸಿ ಎಂದು ಆಜ್ಞೆ. ಹೊಸ ರೈ ಮೇಲೆ ನೀರು! ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಹೊಟ್ಟೆಯೊಳಗೆ ಉಬ್ಬಿ ಕುದುರೆ ಸಾಯುತ್ತದೆ. ಇವನಿಗೂ ಗೊತ್ತಿತ್ತು. ಬಾಯಿ ತೆರೆದನಂತೆ. ಮಾತು ಹೊರಡಲಿಲ್ಲ. ಅಧಿಕಾರಿಗೆ ಎದುರಾಡುವುದನ್ನು ಅಲ್ಲಿ ಕಲಿಸಿರಲಿಲ್ಲ. ಸಂಜೆಯೊಳಗೆ ಇಪ್ಪತ್ತೆರಡು.

“ನಾನೇ ಕಡಿವಾಣ ಹಿಡ್ಕೊಂಡು ಹೊಳೆಗಿಳಿಸ್ದೆ ಅಜ್ಜಿ. ನನ್ನ ಕೈಯಾರೆ. ಈಗ ಯಾವ ಮುಖ ಇಟ್ಕೊಂಡು ಲಾಯಕ್ಕೆ ಹೋಗ್ಲಿ?”

ಸುಲಿದ ಆಲೂಗಡ್ಡೆಯನ್ನೇ ಮತ್ತೆ ತೊಳೆದೆ.

ಅಕ್ಟೋಬರ್ 11

ಕಾಗದ ಬರೆದೆ. ಎವಾಲ್ಡ್ ಬೇಡ ಅಂದ. ಅವನು ಬೇಡ ಅಂದದ್ದನ್ನೆಲ್ಲ ಬಿಟ್ಟಿದ್ದರೆ ಅವನಿಗೆ ಸಿಡುಬಿನ ಚುಚ್ಚುಮದ್ದೂ ಹಾಕಿಸುವಂತಿರಲಿಲ್ಲ.

“ಮಾನ್ಯ ಕ್ಯಾಪ್ಟನ್ ಸಾಹೇಬರಿಗೆ. ತಪ್ಪಿದ್ದರೆ ತಿದ್ದಿ ಎಂದು ಕೇಳಿದ್ದೀರಿ. ಇದೆ. ಆ ಕುದುರೆಗಳನ್ನು ಕೊಂದದ್ದು ಫಿರಂಗಿ ಅಲ್ಲ, ಹೊಸ ರೈ. ಆಜ್ಞೆ ಕೊಟ್ಟ ಬೃಹಸ್ಪತಿ ಯಾರೋ ನನಗೆ ಗೊತ್ತಿಲ್ಲ. ಅದರ ಭಾರ ಮಾತ್ರ ನನ್ನ ಮೊಮ್ಮಗ ಎವಾಲ್ಡ್ ನೌಯೋಕ್ಸ್ ಹೊತ್ತುಕೊಂಡಿದ್ದಾನೆ. ಔಗುಸ್ಟೆ ನೌಯೋಕ್ಸ್, ವಿಧವೆ.”

ಎರಡು ಕಡೆ ಶಾಯಿ ಚೆಲ್ಲಿತು. ಹಾಗೇ ಕಳಿಸಿದೆ.

ಅಕ್ಟೋಬರ್ 30, ಭಾನುವಾರ

ಉತ್ತರವಿಲ್ಲ. ದೊಡ್ಡ ಮನುಷ್ಯರು.

ಆಡೊಮಾಟ್ ಬೇಲಿಯ ಆಚೆಯಿಂದ ಕೊಳ್ಳುವವನ ಹಾಗೆ ಲೊಟ್ಟೆಯ ಹಲ್ಲು ನೋಡಿದ. ನನ್ನ ಎದುರಿಗೇ. ನನ್ನ ಹಲ್ಲೂ ತೋರಿಸಿದೆ, ಉಳಿದ ನಾಲ್ಕು.

ನವೆಂಬರ್ 5, ಶನಿವಾರ

ಬಂದರು ಕ್ಯಾಪ್ಟನ್! ಸ್ಟೇಷನ್ನಿನಿಂದ ನಡೆದುಕೊಂಡೇ, ಕೆಸರಿನಲ್ಲಿ. ಮೂವತ್ತೈದಕ್ಕಿಂತ ಹೆಚ್ಚಿಲ್ಲ, ಆದರೆ ಕೂದಲು ನನಗಿಂತ ಬೆಳ್ಳಗೆ. ಕೋಟಿನ ಮೊಣಕೈ ಸವೆದಿದೆ. ನಾನು ಇನ್ನೂ ದಪ್ಪ ಮೀಸೆ, ದಪ್ಪ ಹೊಟ್ಟೆ ಅಂದುಕೊಂಡಿದ್ದೆ.

ಎವಾಲ್ಡ್ ಎದ್ದು ಹಿಮ್ಮಡಿ ಜೋಡಿಸಿ ನಿಂತ.

“ಕೂತ್ಕೊಳ್ಳಪ್ಪಾ ನೌಯೋಕ್ಸ್,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಆ ಬೃಹಸ್ಪತಿ ನಾನೇ, ಅಮ್ಮಾ. ಆಗ ಲೆಫ್ಟಿನೆಂಟ್ ಆಗಿದ್ದೆ.”

ಬಿಸಿ ಸಾರಿನ ಬಟ್ಟಲು ನನ್ನ ಕೈಯಲ್ಲಿತ್ತು. ಒಂದು ಕ್ಷಣ ಎಲ್ಲಿಡಲಿ ಎಂದು ಯೋಚನೆಯಾಯಿತು. ಕೊನೆಗೆ ಅವರ ಮುಂದೆಯೇ ಇಟ್ಟೆ.

“ನಗರದಲ್ಲಿ ಬೆಳೆದವನು ನಾನು. ಹೊಸ ರೈ, ಹಳೇ ರೈ ಗೊತ್ತಿರ್ಲಿಲ್ಲ. ಹಸಿದಿದ್ವು, ಹಾಕ್ಸಿದೆ. ಮೇಲಿನವರಿಗೆ ಫಿರಂಗಿ ಅಂತ ವರದಿ ಹೋಯ್ತು. ಪುಸ್ತಕಕ್ಕೂ ಅದೇ ಬಂತು.”

“ಬಂತಾ? ಕಾಲಿತ್ತೇನು ಅದಕ್ಕೆ?” ಅಂದೆ.

“ಇಲ್ಲಮ್ಮ. ನಾನೇ ಬರೆದೆ.” ಸ್ವಲ್ಪ ಹೊತ್ತು ಚಮಚ ತಿರುವಿದರು. “ಸಂಘದವರು ಒಪ್ಪಲ್ಲ. ರೆಜಿಮೆಂಟಿನ ಮಾನ ಅಂತಾರೆ.”

“ಇನ್ನೂರು ವರ್ಷದ ಮಾನ ಒಂದು ಮೂಟೆ ರೈಗೆ ಹೋಗೋದಾದ್ರೆ ಹೋಗ್ಲಿ ಬಿಡಿ ಸಾಹೇಬ್ರೇ.”

ಜೋರಾಗಿ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ನಗು ನಿಂತ ಮೇಲೆ ಪೆನ್ಸಿಲ್ ತೆಗೆದರು.

ಎವಾಲ್ಡ್ ನೆಲ ನೋಡುತ್ತ ಹೇಳಿದ: “ನಂಗೆ ಗೊತ್ತಿತ್ತು, ಸಾಹೇಬ್ರೆ. ಗೊತ್ತಿದ್ದೂ ಸುಮ್ನಿದ್ದೆ. ಅದನ್ನೂ ಬರೀರಿ.”

“ಅದಕ್ಕೆ ಜಾಗ ಇಲ್ಲ ನೌಯೋಕ್ಸ್. ಆಜ್ಞೆ ಕೊಟ್ಟವನ ಹೆಸರಿಗೆ ಮಾತ್ರ ಜಾಗ. ನಿನ್ನಿಂದ ಬೇಕಾಗಿರೋದು ಬೇರೆ. ಕುದುರೆಗಳ ಹೆಸರು. ಪಟ್ಟಿ ಸುಟ್ಟುಹೋಗಿದೆ. ನಂಗೆ ಮೂರು ನೆನಪಿದೆ ಅಷ್ಟೆ.”

ದಂಡಿನಲ್ಲಿ ಒಂದೊಂದು ವರ್ಷ ಕೊಂಡ ಕುದುರೆಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರಿಡುತ್ತಾರಂತೆ. ಎವಾಲ್ಡ್ ಆ ಸಾಲನ್ನೇ ಹಿಡಿದು ಹೊರಟ. ಗ್ರೇಟೆ, ಗೈಸ್ಟ್, ಗೋಲ್ಡಾ. ಆಮೇಲಿನ ವರ್ಷದವು: ಹೆಲ್ಲಾ, ಹೈಡೆ, ಹುಜಾರ್... ಯಾವುದು ಒದೆಯುತ್ತಿತ್ತು, ಯಾವುದು ಸಕ್ಕರೆ ಕದಿಯುತ್ತಿತ್ತು. ಮಧ್ಯೆ ಒಂದು ಸಲ ನಕ್ಕನೂ ಕೂಡ. ಇಪ್ಪತ್ತೊಂದು ಆಯಿತು.

“ಇನ್ನೊಂದು?”

“ಕಂದು ಬಣ್ಣದ್ದು. ಹಣೆ ಮೇಲೆ ಬಿಳಿ. ಬಾಯಲ್ಲೇ ಇದೆ... ನಮ್ಮ ಲೊಟ್ಟೆ ಥರದ್ದೇ ಜೂಲು ಅದರದ್ದು. ತಾಳಿ ಸಾಹೇಬ್ರೆ, ನೋಡ್ಕೊಂಡು ಬರ್ತೀನಿ.”

ಎದ್ದ. ಅಂಗಳ ದಾಟಿದ. ಲಾಯದೊಳಗೆ ಹೋದ.

ಹೋದ!

ಕ್ಯಾಪ್ಟನ್ ಏನೋ ಕೇಳಹೊರಟರು. ಅವರ ತೋಳನ್ನೇ ಹಿಡಿದು ಸುಮ್ಮನಿರಿಸಿದೆ. ನಾನೂ ಸುಮ್ಮನಿದ್ದೆ. ಜನ್ಮದಲ್ಲಿ ಮೊದಲ ಸಲ. ಗೋಡೆ ಗಡಿಯಾರದ ದೊಡ್ಡ ಮುಳ್ಳು ಮೂರರಿಂದ ಏಳಕ್ಕೆ ಬಂತು. ಅಷ್ಟು ಹೊತ್ತು ಜೂಲು ನೋಡುವ ಅಗತ್ಯವಿಲ್ಲ.

ಬಂದಾಗ ತೋಳಿಗೆಲ್ಲ ಕುದುರೆ ಕೂದಲು, ಕಣ್ಣು ಕೆಂಪು.

“ಇಗೆಲ್,” ಅಂದ. ಮುಳ್ಳುಹಂದಿ. “ಎಷ್ಟು ಬಾಚಿದ್ರೂ ಜೂಲು ಮುಳ್ಳಿನ ಹಾಗೆ ಎದ್ದು ನಿಲ್ತಿತ್ತು.”

ಕ್ಯಾಪ್ಟನ್ ಬರೆದುಕೊಂಡರು. ಹೊರಡುವಾಗ ಸಾರು ಚೆನ್ನಾಗಿತ್ತು ಅಂದರು. ಉಪ್ಪು ಹಾಕುವುದನ್ನೇ ಮರೆತಿದ್ದೆ.

ನವೆಂಬರ್ 8, ಮಂಗಳವಾರ

ಮೂರು ದಿನದಿಂದ ನೀರಿನ ಬಕೆಟ್ ಹೊಸ್ತಿಲ ಮೇಲಿಲ್ಲ. ನಾನೇನೂ ಕೇಳಿಲ್ಲ. ನಿನ್ನೆ ಲಾಯದೊಳಗಿನಿಂದ ಗೊಣಗಾಟ ಕೇಳಿಸಿತು: “ಅಜ್ಜಿ ನಿನ್ನ ಬಾಲ ಬಾಚಿದ್ದು ಯಾವಾಗೇ? ಹಳೇ ರಾಜನ ಕಾಲದಲ್ಲಾ?”

ಕತ್ತೆ. ಬಾಯಿ ಬಂದಿದೆ ಇವನಿಗೆ. ಬರಲಿ.

ನವೆಂಬರ್ 11, ಶುಕ್ರವಾರ. ಮಾರ್ಟಿನಿ

ಆಡೊಮಾಟ್ ಎರಡು ಹಗ್ಗ ಹಿಡಿದೇ ಬಂದ. ಎವಾಲ್ಡ್ ಲಾಯದ ಬಾಗಿಲಲ್ಲಿ ನಿಂತಿದ್ದ, ಒಳಗಿನ ಕಡೆ.

“ಏನಪ್ಪಾ, ತಯಾರಾ ಇವು?”

“ತಯಾರು. ನಾಳೆ ಉಳುಮೆಗೆ.”

“ಯಾರ ಹೊಲ?”

“ನಮ್ದು. ನಿಮ್ಮ ಹಗ್ಗ ಚೆನ್ನಾಗಿದೆ ಗುಸ್ತಾಫ್ ಮಾವ. ಬೇಕಾದ್ರೆ ಬಿಟ್ಟು ಹೋಗಿ.”

ಆಡೊಮಾಟ್ ನನ್ನ ಮುಖ ನೋಡಿದ. ನಾನು ಬಾತುಕೋಳಿಯ ಪುಕ್ಕ ಕೀಳುತ್ತಿದ್ದೆ, ಹಬ್ಬದ ಅಡುಗೆಗೆ. ತಲೆ ಎತ್ತಲಿಲ್ಲ. ಎತ್ತಿದ್ದರೆ ನಗು ಬರುತ್ತಿತ್ತು, ಅಥವಾ ಇನ್ನೊಂದು. ಕೊನೆಗೆ ಅವನನ್ನೂ ಊಟಕ್ಕೆ ಕರೆದೆ. ಒಂದು ತೊಡೆ ಪೂರ್ತಿ ತಿಂದ. ಹಗ್ಗ ಒಯ್ದ.

ನವೆಂಬರ್ 12, ಶನಿವಾರ. ಬೆಳಿಗ್ಗೆ ಒಂಬತ್ತು

ನೆಲ ಇನ್ನೂ ಹೆಪ್ಪುಗಟ್ಟಿಲ್ಲ. ಎಂಟಕ್ಕೇ ನೇಗಿಲು ಕಟ್ಟಿದ. ಕುದುರೆಗಳ ಮೈಯಿಂದ ಹಬೆ ಏಳುತ್ತಿದೆ. ನನ್ನನ್ನು ಕಾಲು ಮೇಲಿಟ್ಟು ಕಿಟಕಿಯ ಹತ್ತಿರ ಕೂರಿಸಿ ಹೋಗಿದ್ದಾನೆ, ಅಲ್ಲಾಡಕೂಡದಂತೆ. ಆಜ್ಞೆ!

ಮೊದಲ ಸಾಲು ಮುಗಿಯಿತು. ದೇವರೇ, ಏನದು? ಹಾವು ಹರಿದ ಹಾಗಿದೆ. ಏಳು ವರ್ಷ ನೇಗಿಲು ಮುಟ್ಟದ ಕೈ, ಇರಲಿ ಅಂದುಕೊಂಡೆ. ಎರಡನೆಯದೂ ಸೊಟ್ಟ. ಲೊಟ್ಟೆ ಎಡಕ್ಕೆ ಎಳೆಯುತ್ತಾಳೆ, ಅವಳ ಲಗಾಮು ಗಿಡ್ಡ ಮಾಡಬೇಕು, ಅಷ್ಟೂ ತಿಳಿಯುವುದಿಲ್ಲ ಈ ಡ್ರಗೂನನಿಗೆ. ಮೂರನೆಯದಕ್ಕೆ ತಿರುಗಿಸುತ್ತಿದ್ದಾನೆ. ಇಲ್ಲಿಂದ ಕೂಗಿದರೆ ಕೇಳಿಸದು. ನನ್ನ ಕೋಲೆಲ್ಲಿ, ಈಗಲೇ ಹೋಗಿ—