ಒಂದು ಸುತ್ತಿಗೆ ಆರು ಚುಕ್ಕಿ

ಮಾರ್ಚ್ 4, ಬೆಳಿಗ್ಗೆ

ಮಂಡಿಗೆ ಎಣ್ಣೆ ತಿಕ್ಕಿ ಆಯ್ತು. ಮೊಮ್ಮಗಳು ಇನ್ನೂ ಕಂಪ್ಯೂಟರ್ ಮುಂದೆ. ಅರವತ್ತು ವರ್ಷದ ಹಿಂದಿನ ಉಲ್ಕೆ ಮಳೆ ಜೋರಾದಾಗ ಗಂಟೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕೋಕೆ ಸಂಬಳ ಕೊಡ್ತಾರಂತೆ. ಮಳೆ ಏರ್ತಾ ಹೋದದ್ದು ದಾಖಲೆಯಲ್ಲಿದೆ. ತುದಿ ಮುಟ್ಟಿದ ಹೊತ್ತಿಗೆ ದುರ್ಬೀನು ಇದ್ದ ಕಡೆಯೆಲ್ಲ ಮೋಡ. ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ.

"ನಾನು ನೋಡಿದ್ದೀನಲ್ಲೇ. ಬೀಸುಕಲ್ಲು ಒಂದು ಸುತ್ತು ಬರೋದ್ರೊಳಗೆ ಆರು ಚುಕ್ಕಿ."

"ಅಜ್ಜಿ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಹೇಳದೆ ಏನು. ನಾನು ಹತ್ತು ವರ್ಷದವಳಿದ್ದಾಗಿಂದ ಹೇಳ್ತಿದ್ದೀನಿ. ಎದುರು ಕೂತು ಜೊತೆಗೆ ಬೀಸಿದ ಅಕ್ಕನೇ "ಕನಸು ಕಂಡಿದ್ದಾಳೆ" ಅಂತ ಊರೆಲ್ಲ ಸಾರಿದ್ಲು. ಆಮೇಲೆ ನನ್ನ ಮಾತಿಗೆ ಕಾಸಿನ ಕಿಮ್ಮತ್ತಿಲ್ಲ.

ಮಾರ್ಚ್ 6

ಹಳೇ ಸಾಮಾನಿನ ಅಂಗಡಿಯಿಂದ ಬೀಸುಕಲ್ಲು ತಂದಳು. ಬೀಸಿದೆ. ಸುತ್ತಿಗೆ ಐದು ಸೆಕೆಂಡು. ಅವಳ ಮುಖ ಹುಳ್ಳಗಾಯ್ತು... "ಕಡಿಮೆ ಬರುತ್ತೆ ಅಜ್ಜಿ. ತುದಿ ಮುಟ್ಟೋ ಒಂದು ಗಂಟೆ ಮುಂಚೆಯೇ ಇದಕ್ಕಿಂತ ಹೆಚ್ಚು ಬಿದ್ದಿತ್ತು."

"ಈ ಮುದಿ ತೋಳು ಹಿಡಿದು ಅವತ್ತಿನ ಚುಕ್ಕಿ ಎಣಿಸ್ತೀಯಾ? ಅವತ್ತು ನಾಲ್ಕು ಕೈ ಇತ್ತು ಕಣೇ."

ಅಕ್ಕನಿಗೆ ಫೋನ್ ಮಾಡಿದೆ. "ನಿನ್ನ ಸುಳ್ಳಿಗೆ ನಾನು ಕಲ್ಲು ತಿರುಗಿಸಬೇಕಾ?" ಅಂದ್ಲು. ಬರ್ತಾಳೆ. ನನ್ನ ತಪ್ಪು ಹಿಡಿಯೋಕೆ ಅಂದ್ರೆ ಚಟ್ಟದಿಂದಲೂ ಎದ್ದು ಬರ್ತಾಳೆ.

ಮಾರ್ಚ್ 11, ಮಧ್ಯಾಹ್ನ

ಎದುರುಬದುರು ಕೂತೆವು. ಹಿಡಿ ಕಾಳು ಹಾಕಿದ್ದೇ ಅಕ್ಕ ಬೀಸೋ ಪದ ಎತ್ತಿದ್ಲು. ನನಗೆ ಮರೆತೇ ಹೋಗಿತ್ತು. ಪದ ಓಡಿದ ಹಾಗೆ ಕೈ ಓಡಿತು. ಸುತ್ತಿಗೆ ಎರಡೇ ಸೆಕೆಂಡು!

"ಅವತ್ತು ಯಾರ ಮುಖ ಯಾವ ಕಡೆಗಿತ್ತು?" ಮೊಮ್ಮಗಳು ಕೇಳಿದ್ಲು.

"ಜಗಲಿ ಮೇಲೆ ಕೂತಿದ್ವಿ. ನಂದು ಅಂಗಳಕ್ಕೆ. ಇವಳದು ಗೋಡೆಗೆ."

ಅಕ್ಕನ ಕೈ ನಿಂತಿತು. "ಅಷ್ಟು ಬೀಳ್ತಿದ್ರೆ ನನ್ನನ್ನ ಯಾಕೆ ಕರೀಲಿಲ್ಲ?"

ಈ ಪ್ರಶ್ನೆಗೇ ಹೆದರಿ ಅರವತ್ತು ವರ್ಷ ಗೋಡೆ ವಿಷಯ ಎತ್ತಿರಲಿಲ್ಲ. ಕಾಳು ಆರಿಸ್ತಾ ಕೂತೆ.

ಮಾರ್ಚ್ 12

ಗಂಟೆಗೆ ಇಪ್ಪತ್ತೊಂದು ಸಾವಿರದ ಆರುನೂರು! ಜಗಲಿ ಸೂರಿನಡಿಯಿಂದ ಅರ್ಧ ಆಕಾಶವೇ ಕಾಣೋದು ಅಂತ ಮೊಮ್ಮಗಳು ಎರಡರಷ್ಟು ಮಾಡಿದ್ಲಂತೆ. ಮುಂಚಿನ ದಾಖಲೆಗೆ ಸರಿಯಾಗಿ ಹೊಂದುತ್ತೆ. ಅವಳ ಪ್ರೊಫೆಸರ್ "ಗಟ್ಟಿ ಸಾಕ್ಷಿ" ಅಂದರಂತೆ. ನನ್ನನ್ನ ಎತ್ತಿ ತಿರುಗಿಸಿಬಿಟ್ಲು, ಕತ್ತೆ.

ಅಕ್ಕ ಮಾತ್ರ ನಿನ್ನೆಯಿಂದ ಗೋಡೆಗೆ ಮುಖ ಮಾಡಿ ಕೂತಿದ್ಲು. ತಡೀಲಿಲ್ಲ. ಹೇಳಿಬಿಟ್ಟೆ.

"ಕರೆದಿದ್ರೆ ನೀನು ಕಲ್ಲು ಬಿಟ್ಟು ಓಡ್ತಿದ್ದೆ. ಮಿಕ್ಕ ಕಾಳೆಲ್ಲ ನನ್ನ ತಲೆಗೆ."

ದುರುಗುಟ್ಟಿ ನೋಡಿದ್ಲು. ಆಮೇಲೆ ನಕ್ಕಳು ನೋಡು — ಹಲ್ಲಿನ ಸೆಟ್ ಕೈಗೆ ಬಂತು. "ಮೈಗಳ್ಳಿ. ಹಾಗಾದ್ರೆ ಅರ್ಧ ಚುಕ್ಕಿ ನನ್ನವು. ಮೊಮ್ಮಗಳು ಬರೆಯೋ ಪೇಪರಿನಲ್ಲಿ ನನ್ನ ಹೆಸರೂ ಬರ್ಲಿ."

"ನೋಡಿದವಳು ನಾನು."

"ತಿರುಗಿಸಿದವಳು ನಾನು."

ಹಾಕಿಸೋಣ. ಮೊದಲು ನಂದು. ಈಗ ಅಕ್ಕ ಬಾಗಿಲಲ್ಲಿ ನಿಂತು ಹೊಸ ರಾಗ ತೆಗೆದಿದ್ದಾಳೆ, ಆರಲ್ಲ, ಏಳಿರಬೇಕಂತೆ. ಗೋಡೆ ನೋಡ್ಕೊಂಡು ಕೂತಿದ್ದವಳಿಗೆ ಏಳು ಅಂತ ಹೇಗೆ—