ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ದೊಡ್ಡಮ್ಮ

ಏಪ್ರಿಲ್ 3, ಗುರುವಾರ

ಬೆಳಿಗ್ಗೆಯಿಂದ ಮರುಭೂಮಿಯ ಖಮ್ಸೀನ್ ಗಾಳಿ. ಮೂರು ಸಲ ಪುಸ್ತಕಗಳ ಧೂಳು ಹೊಡೆದೆ. ನಾಲ್ಕನೇ ಸಲಕ್ಕೆ ಕೈಚೆಲ್ಲಿ ಕುಳಿತೆ. ಅಲೆಕ್ಸಾಂಡ್ರಿಯಾದಲ್ಲಿ ಪುಸ್ತಕದಂಗಡಿ ಇಟ್ಟವನ ಅರ್ಧ ಆಯಸ್ಸು ಮರಳು ಒರೆಸುವುದರಲ್ಲೇ ಮುಗಿಯುತ್ತದೆ.

ವಸಂತದ ಪಟ್ಟಿ ಇನ್ನೂ ಆಗಿಲ್ಲ. ಶಮ್ ಅನ್ನಸೀಮ್ ಹಬ್ಬಕ್ಕೆ ಮುಂಚೆ ಅಂಗಡಿಯ ಗಾಜಿಗೆ ಅಂಟಿಸಬೇಕು — ‘ಈ ವಸಂತಕ್ಕೆ ಓದಬೇಕಾದ ಏಳು ಹೊಸ ಪುಸ್ತಕ’. ಕಥೆ, ಕಾದಂಬರಿ ಇಲ್ಲ. ಜೀವನಚರಿತ್ರೆ, ಆತ್ಮಕಥೆ, ಇತಿಹಾಸ... ನಿಜವಾಗಿ ನಡೆದದ್ದು ಮಾತ್ರ. ಕೈಬರಹ ನನ್ನದು, ತೀರ್ಪು ಬಹೀಗಾ ದೊಡ್ಡಮ್ಮನದು. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು. ಈಗ ಎಂಬತ್ತಾರು. ಮಂಡಿನೋವು, ಎರಡನೇ ಮಹಡಿಯಿಂದ ಕೆಳಗಿಳಿದು ಎರಡು ವರ್ಷವಾಯಿತು. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಬಿಡುತ್ತಾಳೆ. ಪುಸ್ತಕ ಹಾಕುತ್ತೇನೆ. ಓದಿದ ಮೇಲೆ ಬುಟ್ಟಿಯಲ್ಲೇ ವಾಪಸು. ತೀರ್ಪು ಮಾತ್ರ ಬೀದಿಗೆಲ್ಲ ಕೇಳುವ ಹಾಗೆ.

ಇವತ್ತು ಹೃದಯದ ಡಾಕ್ಟರೊಬ್ಬರ ಆತ್ಮಕಥೆ ಇಳಿಯಿತು.

"ಆರ್ನೂರು ಪುಟ ಕಣೋ ಫಿಕ್ರಿ! ಒಂದು ಕಡೆನಾದ್ರೂ ಹೆಂಡತಿ ಹೆಸರಿದ್ಯಾ? ಹೃದಯದ ಡಾಕ್ಟರಂತೆ, ಹೃದಯದ ಡಾಕ್ಟರು!"

ಎದುರಿನ ಔಷಧದಂಗಡಿಯ ಮದಾಮ್ ಇನ್ಸಾಫ್ ನಗು ತಡೆಯಲಾರದೆ ಒಳಗೆ ಹೋದರು. ಡಾಕ್ಟರು ಪಟ್ಟಿಯಿಂದ ಔಟ್.

ಏಪ್ರಿಲ್ 5, ಶನಿವಾರ

ಕೈರೋದಿಂದ ಪಾರ್ಸೆಲ್. ಟ್ರಾಮಿನ ಇತಿಹಾಸ, ಉಪ್ಪುಮೀನಿನ ಇತಿಹಾಸ, ದೀಪಸ್ತಂಭ ಕಾಯುತ್ತಿದ್ದವನ ಮಗಳು ಬರೆದ ನೆನಪುಗಳು. ಎಲ್ಲಕ್ಕಿಂತ ಅಡಿಯಲ್ಲಿ ಗಾಯಕಿ ದವ್ಲತ್ ನಾದಿಯ ಜೀವನಚರಿತ್ರೆ. ಬರೆದವಳು ಯುಮ್ನಾ ಬಸ್ಯೂನಿ. ಚಿಕ್ಕ ವಯಸ್ಸು, ಮೊದಲ ಪುಸ್ತಕ.

ದೊಡ್ಡಮ್ಮ ಒಂಬತ್ತು ವರ್ಷ ದವ್ಲತ್‌ಗೆ ಉಡುಪು ಹೊಲಿದವಳು. ಜಗತ್ತಿನ ಎಲ್ಲ ವಿಷಯ ಮಾತಾಡುತ್ತಾಳೆ. ದವ್ಲತ್ ಹೆಸರೆತ್ತಿದರೆ ಮಾತ್ರ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕೊನೆಯ ಹಾಳೆಗಳಲ್ಲಿ ಹೆಸರುಗಳ ಪಟ್ಟಿ ನೋಡಿದೆ. ಬಹೀಗಾ — ಪುಟ 214. ಒಂದೇ ಪುಟ.

‘ಬೇಸಿಗೆ ರಂಗಮಂದಿರದ ಆ ಸಂಜೆ ದವ್ಲತ್ ಒಂದೂಕಾಲು ಗಂಟೆ ಅಲುಗಾಡದೆ ನಿಂತು ಹಾಡಿದರು. ಅವರು ಹಾಗೆ ನಿಂತು ಹಾಡಿದ್ದು ಅದೊಂದೇ ಸಲ. ಏಕೆಂದು ಹೇಳಬಲ್ಲವರು ಇಂದು ಯಾರೂ ಇಲ್ಲ. ಅಂದಿನ ಹಸಿರು ಉಡುಪನ್ನು ಹೊಲಿದ ಬಹೀಗಾ ಕೂಡ ಈಗ ದಿವಂಗತರು.’

ದಿವಂಗತರು! ಸರಿಯಾಗಿ ಅದೇ ಹೊತ್ತಿಗೆ ದಿವಂಗತರು ಮೇಲಿನಿಂದ ಕೂಗಿದರು — "ಲೋ ಫಿಕ್ರಿ, ಈರುಳ್ಳಿ ಸೊಪ್ಪು ಹೇಳಿದ್ನಲ್ಲ, ಎಲ್ಲೋ?"

ಪುಸ್ತಕವನ್ನು ಮೇಜಿನ ಕೆಳಗೆ ಬಚ್ಚಿಟ್ಟೆ. ತಾನು ಸತ್ತಿದ್ದೇನೆಂದು ಅಚ್ಚಿನಲ್ಲಿ ಓದಿ ಈ ವಯಸ್ಸಿನಲ್ಲಿ ಅವಳು ಕುಸಿದರೆ? ಸೊಪ್ಪನ್ನು ಮಾತ್ರ ಬುಟ್ಟಿಗೆ ಹಾಕಿದೆ.

ಏಪ್ರಿಲ್ 6, ಭಾನುವಾರ

ಗುಟ್ಟು ಒಂದು ದಿನವೂ ನಿಲ್ಲಲಿಲ್ಲ. ಮದಾಮ್ ಇನ್ಸಾಫ್ ಬೀದಿಯ ಆಚೆಯಿಂದಲೇ — "ದವ್ಲತ್ ಮೇಲೆ ಪುಸ್ತಕ ಬಂದಿದ್ಯಂತಲ್ಲ, ರೇಡಿಯೋದಲ್ಲಿ ಹೇಳಿದ್ರು! ನಂಗೊಂದು ತೆಗ್ದಿಡಿ."

ಸ್ವಲ್ಪ ಹೊತ್ತಿಗೆ ಬುಟ್ಟಿ ನಿಧಾನವಾಗಿ ಇಳಿಯಿತು. ಖಾಲಿ.

"ಹಾಕು."

"ಇನ್ನೂ ಬಂದಿಲ್ಲ ದೊಡ್ಡಮ್ಮ, ಕೈರೋದಲ್ಲೇ..."

"ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗತ್ತೆ. ಇಲ್ಲಿಂದ್ಲೂ ಕಾಣತ್ತೆ. ಹಾಕು."

ಅರವತ್ತು ತುಂಬಿದವನು ಕಿವಿ ಮುಟ್ಟಿ ನೋಡಿಕೊಂಡೆ. ಹಾಕಿದೆ.

ಏಪ್ರಿಲ್ 8, ಮಂಗಳವಾರ

ಬುಟ್ಟಿ ಇಳಿದಿಲ್ಲ. ಮಧ್ಯಾಹ್ನ ಅವರೆಯಂಥ ದಪ್ಪ ಕಾಳು ಬೇಯಿಸಿದ ಫೂಲ್, ರೊಟ್ಟಿ ಬಾಗಿಲ ಬಳಿ ಇಟ್ಟು ಬಂದೆ. ಸಂಜೆ ತಟ್ಟೆ ತೊಳೆದು ಹೊರಗಿಟ್ಟಿದ್ದಳು. ಉಂಡಿದ್ದಾಳೆ, ಸದ್ಯ.

ಏಪ್ರಿಲ್ 12, ಶನಿವಾರ

ಇವತ್ತು ಕರೆದಳು. ಕಿಟಕಿ ಬಳಿಯ ಕುರ್ಚಿ. ತೊಡೆಯ ಮೇಲೆ ಪುಸ್ತಕ, 214ರಲ್ಲಿ ಅವಳ ಹೇರ್‌ಪಿನ್. ನಾನೇ ಮೊದಲು ಹಾರಾಡಿದೆ.

"ಆ ಹುಡುಗಿಗೆ ಫೋನ್ ಮಾಡ್ತೀನಿ. ಬದುಕಿರೋರನ್ನ ಸಾಯ್ಸೋಕೆ ಇವಳ್ಯಾರು?"

"ಕೂತ್ಕೋ. ಸಾಯ್ಸಿದ್ದು ನಾನೇ."

ಎರಡು ವರ್ಷದ ಹಿಂದೆ ಹುಡುಗಿ ಫೋನ್ ಮಾಡಿದ್ದಳಂತೆ. ಬಹೀಗಾ ಅವರಿದ್ದಾರಾ, ದವ್ಲತ್ ಅವರ ಹಸಿರು ಉಡುಪಿನ ಬಗ್ಗೆ ಕೇಳಬೇಕಿತ್ತು ಎಂದಳಂತೆ. ದೊಡ್ಡಮ್ಮ ಅಂದಳಂತೆ — "ನೀನು ಬದುಕಿರಮ್ಮ."

ಅಷ್ಟೇ ಸಾಕಲ್ಲ! ಸತ್ತರು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವೇ ನಮಗಿಲ್ಲ. ಯಾರನ್ನಾದರೂ ಕೇಳಿಕೊಂಡು ಹೋದಾಗ ‘ನೀವು ಬದುಕಿರಿ’ ಎಂದರೆ ಅವರಿಲ್ಲ ಎಂದೇ ಅರ್ಥ. ಹುಡುಗಿ ಹಾಗೇ ತಿಳಿದಳು, ಹಾಗೇ ಬರೆದಳು.

"ಪಾಪ, ಫೋನಲ್ಲೇ ಅತ್ತುಬಿಟ್ಲು ಕಣೋ. ಅವಳು ಅತ್ತಿದ್ದು ಕೇಳಿ ನಂಗೂ ಅಳು ಬಂತು. ಒಳ್ಳೆ ಹೆಂಗಸು ಹೋಗ್ಬಿಟ್ಲು ಅನ್ನಿಸ್ತು."

"ಯಾಕೆ ಹಾಗಂದೆ ದೊಡ್ಡಮ್ಮ?"

ಪುಸ್ತಕ ಮುಚ್ಚಿದಳು. ಆಮೇಲೆ ಹೇಳಿದಳು. ನನ್ನ ಜೀವಮಾನದಲ್ಲಿ ಮೊದಲ ಸಲ.

"ಆ ಉಡುಪು ಕೊನೇ ಗಳಿಗೆ ತನಕ ಹೊಲೀತಿದ್ದೆ. ಅವಳು ಸ್ಟೇಜಿಗೆ ಹೋದ್ಮೇಲೆ ಡಬ್ಬೀಲಿ ಸೂಜಿ ಎಣಿಸ್ದೆ. ಹನ್ನೆರಡಿರ್ಬೇಕು. ಹನ್ನೊಂದಿತ್ತು. ಇನ್ನೊಂದು ಅವಳ ಸೊಂಟದ ಹತ್ರ ಬಟ್ಟೇಲೇ ಉಳ್ಕೊಂಡಿತ್ತು. ಬಗ್ಗಿದ್ರೆ ಚುಚ್ಚತ್ತೆ. ಅದಕ್ಕೇ ಕಂಬದ ಹಾಗೆ ನಿಂತಿದ್ಲು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ನಾನು ಪರದೆ ಹಿಂದೆ ನಿಂತು ನೋಡ್ದೆ... ಹಾಡು ಮುಗಿಯೋಕೆ ಮುಂಚೆ ಓಡಿಬಂದೆ. ಎರಡು ಸಲ ಹೇಳಿಕಳ್ಸಿದ್ಲು. ಬಾಗಿಲು ತೆಗೀಲಿಲ್ಲ. ಬೈಯೋಕೆ ಕರೀತಿದಾಳೆ ಅನ್ಕೊಂಡೆ."

ಐವತ್ತೇಳು ವರ್ಷ. ಆ ತಗಡಿನ ಡಬ್ಬಿ ನನಗೆ ಗೊತ್ತು. ಚಿಕ್ಕಂದಿನಲ್ಲಿ ಮುಟ್ಟಿದ್ದಕ್ಕೆ ಏಟು ತಿಂದಿದ್ದೇನೆ. ದಿನಾ ತೆರೆದು ಎಣಿಸುತ್ತಿದ್ದಳು. ಹನ್ನೊಂದಕ್ಕೆ ನಿಲ್ಲಿಸಿ ಮುಚ್ಚುತ್ತಿದ್ದಳು. ಹನ್ನೊಂದೇ ಇರುವುದು ಎಂದುಕೊಂಡಿದ್ದೆ.

"ಈಗ ಅವಳು ಬೈಯೋಕೂ ಇಲ್ಲ. ತಗೊಂಡ್ಹೋಗೋ ಪುಸ್ತಕಾನ. ಮುಂದಕ್ಕೆ ಓದಲ್ಲ. ಪಟ್ಟೀಲೂ ಹಾಕ್ಬೇಡ."

ಅವಳ ಕೈ ಹಿಡಿದುಕೊಂಡು ಕುಳಿತಿದ್ದೆ. ಬೆರಳ ತುದಿಗಳು ಇನ್ನೂ ಗಡುಸು.

ಏಪ್ರಿಲ್ 13, ಭಾನುವಾರ, ಮಧ್ಯಾಹ್ನ 3

ದವ್ಲತ್ ಪುಸ್ತಕ ಕೊನೆಯವರೆಗೂ ಓದಿದೆ.

ಪುಟ 388. ದವ್ಲತ್ ತೀರಿಕೊಂಡ ಮೇಲೆ ಅವರ ಕೋಣೆಯಲ್ಲಿ ಸಿಕ್ಕ ವಸ್ತುಗಳು. ಬಾಚಣಿಗೆ, ಪತ್ರಗಳು, ಜಪಮಣಿ. ಕೊನೆಯಲ್ಲಿ ಮೂರು ಸಾಲು —

‘ಉಂಗುರದ ಡಬ್ಬಿಯೊಂದರಲ್ಲಿ ಹಸಿರು ರೇಷ್ಮೆಯ ಚೂರಿಗೆ ಚುಚ್ಚಿದ ಒಂದು ಸೂಜಿ. ಸದಾ ತಲೆದಿಂಬಿನ ಬಳಿ ಇರುತ್ತಿತ್ತು. ಇದರ ಒಡತಿ ಬಂದು ಕೇಳಿದರೆ ಕೊಡಿ, ನನಗೇನೂ ನೋವಾಗಲಿಲ್ಲ ಎಂದು ಹೇಳಿ ಎನ್ನುತ್ತಿದ್ದರಂತೆ. ಒಡತಿ ಯಾರೆಂದು ಮನೆಯವರಿಗೆ ತಿಳಿಯದು.’

ಹುಡುಗಿಗೂ ತಿಳಿಯದು. ಪುಟ 214, ಪುಟ 388 ಎರಡನ್ನೂ ಬರೆದವಳು ಅವಳೇ. ಎರಡನ್ನೂ ಕೂಡಿಸಬಲ್ಲವಳು ಮಾತ್ರ ‘ದಿವಂಗತರು’.

ಹೇರ್‌ಪಿನ್ ತೆಗೆದು 388ಕ್ಕೆ ಸಿಕ್ಕಿಸಿದೆ. ಬೀದಿಗೆ ಬಂದು ಕೂಗಿದೆ.

"ದೊಡ್ಡಮ್ಮಾ, ಬುಟ್ಟಿ ಬಿಡು!"

"ಏನಿದೆ?"

"ಬಿಡು ಅಂದ್ನಲ್ಲ!"

ಅವಳ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಬುಟ್ಟಿ ಬಂತು. ಹೋಯಿತು.

ಅದೇ ದಿನ, ಸಂಜೆ 5

ಎರಡು ಗಂಟೆ ಏನೂ ಇಲ್ಲ. ಮೂರು ಗಿರಾಕಿ ಬಂದರು, ಯಾರಿಗೆ ಏನು ಕೊಟ್ಟೆನೋ ಗೊತ್ತಿಲ್ಲ. ಆಮೇಲೆ ಮೇಲಿನಿಂದ ದನಿ. ಒಡೆದಿತ್ತು, ಆದರೂ ಬೀದಿಗೆಲ್ಲ ಕೇಳುವಂತೆ —

"ಫಿಕ್ರಿ! ಆ ಹುಡುಗಿಗೆ ಫೋನ್ ಮಾಡೋ. ಸತ್ತೋಳು ಎದ್ದು ಕೂತಿದಾಳೆ ಅನ್ನು. ಡಬ್ಬಿ ತರ್ಲಿ. ಒಡತಿ ಕೇಳ್ತಿದಾಳೆ."

ಏಪ್ರಿಲ್ 15, ಮಂಗಳವಾರ

ಫೋನ್ ಸಿಕ್ಕಿತು. ಯುಮ್ನಾ ಮೊದಲು ನಂಬಲಿಲ್ಲ, ಆಮೇಲೆ ಅತ್ತಳು. "ಸರ್, ಹಾಗಾದ್ರೆ ಅವತ್ತು ಫೋನಲ್ಲಿ ನಂಗೆ ಹೇಳಿದ್ದು ಯಾರು?" ಹೇಳಿದೆ. ಅಳುತ್ತಲೇ ನಗತೊಡಗಿದಳು. ದವ್ಲತ್ ಮನೆಯವರನ್ನು ಕೇಳಿ ಹಬ್ಬದ ದಿನ ಬರುತ್ತಾಳಂತೆ. ಒಳ್ಳೆಯ ಹುಡುಗಿ.

ಪಟ್ಟಿ ಅಂಟಿಸಿದೆ. ಒಂದನೆಯದು ದವ್ಲತ್. ಎರಡನೆಯದು ದೀಪಸ್ತಂಭದ ಮಗಳು. ಟ್ರಾಮ್ ಏಳನೆಯದು — "ತಡವಾಗಿ ಯಾಕೆ ಬರತ್ತೆ ಅಂತ ಒಂದು ಪುಟದಲ್ಲೂ ಇಲ್ಲ, ಅದೂ ಕೊನೇಲೇ ಬರ್ಲಿ." ಒಂದನೆಯದಕ್ಕೆ ದೊಡ್ಡಮ್ಮನ ತೀರ್ಪು — "ಚೆನ್ನಾಗಿದೆ. ಒಂದೇ ಒಂದು ಸುಳ್ಳಿದೆ. ಆ ಸುಳ್ಳು ನಂದು."

ಗಾಜಿನ ಮೇಲೆ ‘ಚೆನ್ನಾಗಿದೆ’ ಎಂದಷ್ಟೇ ಬರೆದೆ.

ಏಪ್ರಿಲ್ 21, ಸೋಮವಾರ, ಶಮ್ ಅನ್ನಸೀಮ್

ಬೀದಿ ತುಂಬ ಉಪ್ಪುಮೀನಿನ ವಾಸನೆ. ಬಣ್ಣದ ಮೊಟ್ಟೆ ಬೆಳಿಗ್ಗೆಯೇ ಬುಟ್ಟಿಯಲ್ಲಿ ಇಳಿಯಿತು, ನನ್ನದು ಹಸಿರು.

ಹನ್ನೊಂದು ಗಂಟೆಗೆ ಯುಮ್ನಾ ಬಂದಳು. ಎರಡೂ ಕೈಯಲ್ಲಿ ಪುಟ್ಟ ಡಬ್ಬಿ. ಬಾಲ್ಕನಿ ಕೆಳಗೆ ನಿಂತು ತಲೆ ಎತ್ತಿದಳು.

"ಬಹೀಗಾ ಅವರು... ಇದ್ದಾರಾ?"

"ಇದ್ದೀನಮ್ಮ, ಇದ್ದೀನಿ! ಹತ್ತಿ ಬಾ!"

ಮದಾಮ್ ಇನ್ಸಾಫ್ ಕಣ್ಣೊರೆಸಿಕೊಂಡರು. ನಾನೂ.

ಈಗ ಮೂವರೂ ಮೇಲೆ ಇದ್ದೇವೆ. ಯುಮ್ನಾ ನೋಟ್‌ಬುಕ್ ತೆರೆದಳು. ದೊಡ್ಡಮ್ಮ ನನ್ನ ಕಡೆ ತಿರುಗಿ — "ಇವಳೊಬ್ಬಳೇ ಬರೆದ್ರೆ ಮತ್ತೆ ಸಾಯಿಸ್ತಾಳೆ. ನೀನೂ ಬರ್ಕೋ." ಜೇಬಿನಲ್ಲಿದ್ದದ್ದು ಇದೊಂದೇ, ದಿನಚರಿ. ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ.

ಮೊದಲು ಕಥೆ ಹೇಳುವುದಿಲ್ಲವಂತೆ. ಮೊದಲು ಲೆಕ್ಕ. ತಗಡಿನ ಡಬ್ಬಿ ತೆಗೆದಳು. ಬಿಳಿ ಬಟ್ಟೆಯ ಮೇಲೆ ಒಂದೊಂದೇ ಸಾಲಾಗಿ ಇಡುತ್ತಿದ್ದಾಳೆ. ಎಂಟು. ಒಂಬತ್ತು. ಯುಮ್ನಾ ಪೆನ್ನು ಕೆಳಗಿಟ್ಟಳು. ಹತ್ತು. ಹನ್ನೊಂದು — ಎಂದಿನಂತೆ ನಿಂತಳು. ಉಂಗುರದ ಡಬ್ಬಿ ತೆರೆದಳು. ಹಸಿರು ರೇಷ್ಮೆ, ಮಧ್ಯೆ ಕಂದು ಚುಕ್ಕೆ. ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡಳು. ಸೂಜಿ ಬೆರಳಿಗೆ ಬಂತು.

"ಹನ್ನೆ... ಹನ್ನೆರಡು. ಬರ್ಕೋ, ಫಿಕ್ರಿ."