ಒಂಟಿಗೈ ಪರೀಕ್ಷೆಯಲ್ಲಿ ನಾವು ಆರು ಜನ ನಪಾಸಾದದ್ದು

ಬಡಗರೆ, ಕಡಲಕಟ್ಟಿನ ಹೊರಮೈ
ಏರುಗಡಲ ಶಕೆ ತೊಂಬತ್ತನಾಲ್ಕು, ಹದಿಮೂರನೆಯ ತಿಂಗಳ ಅಮಾವಾಸ್ಯೆ

ನಮಗಿಂತ ನೂರು ವರ್ಷ ಹಿಂದೆ, ಪರದೇಶದ ವೀಸಾಕ್ಕಾಗಿ ಫೈಲು ಹಿಡಿದು ಸಾಲಿನಲ್ಲಿ ನಿಂತಿರುವ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳು ಇಲ್ಲವೆಂದು ಬಲ್ಲೆ. ಸಮುದ್ರ ಏರಿದ ಮೇಲೆ ನಾವು ಉಬ್ಬರ ಇಳಿತ ನೋಡಿಕೊಂಡು ತಿಂಗಳು ಹಾಕುತ್ತೇವೆ, ಹಾಗಾಗಿ ಒಂದು ಹೆಚ್ಚಾಯಿತು. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟೆನಿಸಿದರೆ ಕ್ಷಮಿಸಿ. ನೆಲೆಚೀಟಿ ಎಂದು ನಾವು ಹೇಳುವುದು ನಿಮ್ಮ ಪರ್ಮನೆಂಟ್ ರೆಸಿಡೆನ್ಸಿಯನ್ನೇ. ಹೆಸರು ನಮ್ಮವರು ಇಟ್ಟದ್ದು, ನಿಯಮ ಮಾತ್ರ ನಿಮ್ಮ ಕಾಲದಿಂದ ಬಂದದ್ದು. ಕ್ಷಮೆ ಕೇಳುವ ಕೆಲಸ ಇಲ್ಲಿಗೆ ಮುಗಿಯಿತು, ಇನ್ನು ಈ ಪತ್ರದಲ್ಲಿ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ನಾನು ಗಂಗೆ ಪಟಗಾರ, ಕಟ್ಟು ಹಾಕುವವಳು. ನಮ್ಮ ಹಿಂದಿನವರು ಅಘನಾಶಿನಿ ನದಿ ಕಡಲು ಸೇರುವಲ್ಲಿ ಗಜನಿ ಗದ್ದೆಗೆ, ಅಂದರೆ ಉಪ್ಪುನೀರು ನುಗ್ಗುವ ಭತ್ತದ ಗದ್ದೆಗೆ, ಮಣ್ಣಿನ ಕಟ್ಟು ಹಾಕಿ ಬದುಕಿದವರು. ಆ ಗದ್ದೆಗಳು ಮುಳುಗಿದವು. ಅದೇ ಹೊತ್ತಿಗೆ ಈ ಉತ್ತರದ ದೇಶದ ಸಿಮೆಂಟು ಗೋಡೆಗಳೂ ಬಿರುಕು ಬಿಟ್ಟವು. ಇಲ್ಲಿಯವರು ಕಟ್ಟು ಬಲ್ಲವರನ್ನು ಹುಡುಕಿಕೊಂಡು ಬಂದು ನಮ್ಮನ್ನು ಕರೆದರು, ನಾವು ಬಂದೆವು. ಈ ತೀರಕ್ಕೆ ಬಡಗರೆ ಎಂದು ಹೆಸರಿಟ್ಟವರೂ ನಾವೇ. ಈಗ ಊರಿನ ಶಾಲೆ, ಆಸ್ಪತ್ರೆ, ಸೇಬಿನ ತೋಟ ಎಲ್ಲವೂ ನಮ್ಮ ಕಟ್ಟಿನ ಒಳಮೈಯಲ್ಲಿ ಒಣಗಿದ ನೆಲದ ಮೇಲೆ ಇವೆ.

ನಮ್ಮ ದಿನಚರಿ ನಿಮಗೆ ವಿಚಿತ್ರವೆನಿಸಬಹುದು. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಆದ್ದರಿಂದ ನೀರು ಇಳಿದಾಗ ಕೆಲಸ, ಏರಿದಾಗ ನಿದ್ದೆ. ಮೀನು ಇಲ್ಲಿಯದೇ ಆದರೂ ಹುಳಿ ನಮ್ಮದು. ವಾಟೆಹುಳಿಯ ಪುಡಿಗಾಗಿ ನಡೆಯುವಷ್ಟು ಜಗಳಗಳು ಬೇರೆ ಯಾವುದಕ್ಕೂ ನಡೆಯುವುದಿಲ್ಲ. ನಮ್ಮಂಥ ತಾತ್ಕಾಲಿಕ ಪರವಾನಗಿಯವರು ಎರಡು ವರ್ಷದೊಳಗೆ ಫಲ ಕೊಡುವ ಗಿಡವನ್ನಷ್ಟೇ ಬೆಳೆಸಬಹುದು. ಬಸಳೆ ಹಬ್ಬಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಸೇಬಿನ ಸಸಿ ನೆಟ್ಟರೆ ಖಾಯಂ ಆಗಿ ಉಳಿಯುವ ಉದ್ದೇಶವಿದೆ ಎಂದು ನೋಟಿಸು ಬರುತ್ತದೆ. ಉದ್ದೇಶ ಇದ್ದೇ ಇತ್ತು, ನಾವು ಅದನ್ನು ಎಂದೂ ಮುಚ್ಚಿಟ್ಟಿರಲಿಲ್ಲ.

ಮಕ್ಕಳಿಗೆ ಹದಿನೆಂಟು ತುಂಬುವುದರೊಳಗೆ ತಂದೆಗೋ ತಾಯಿಗೋ ನೆಲೆಚೀಟಿ ಸಿಕ್ಕಿರಬೇಕು. ಸಿಗದಿದ್ದರೆ ಮಕ್ಕಳನ್ನು ಮೂಲಸ್ಥಳಕ್ಕೆ ಕಳಿಸುತ್ತಾರೆ. ನಮ್ಮ ಮೂಲಸ್ಥಳ ನೀರಿನಡಿ ಇರುವುದರಿಂದ ತೇಲುಮನೆಗೆ ಕಳಿಸುತ್ತಾರೆ. ತೇಲುಮನೆ ಎಂದರೆ ಯಾವ ದೇಶಕ್ಕೂ ಸೇರದವರನ್ನು ತುಂಬಿ ನಡುಗಡಲಲ್ಲಿ ಲಂಗರು ಹಾಕಿದ ಹಳೆಯ ಹಡಗು. ಅಲ್ಲಿಂದ ಮರಳಿ ಬಂದವರನ್ನು ನಾನು ಕಂಡಿಲ್ಲ. ನನ್ನ ಮಗಳು ಕುಸುಮಾ ಇಲ್ಲೇ ಹುಟ್ಟಿದವಳು. ಅವಳಿಗೆ ಈ ತಿಂಗಳು ಹದಿನೆಂಟು ತುಂಬಿತು.

ನೆಲೆಚೀಟಿಗೆ ಒಂಟಿಗೈ ಪರೀಕ್ಷೆ ಇದೆ. ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಮಾಡಿ ತೋರಿಸಿದ್ದಷ್ಟೇ ಕೌಶಲ, ಇನ್ನೊಬ್ಬರ ಕೈ ತಾಗಿದರೆ ಅದು ಸೊನ್ನೆ. ಈ ಸಲ ನಾವು ಆರು ಜನ, ಇದ್ದದ್ದು ಒಂದೇ ಚೀಟಿ. ನೀರು ಇಳಿದಾಗ ಅಧಿಕಾರಿಗಳು ಕಟ್ಟಿನಲ್ಲಿ ಒಂದು ಕಂಡಿ ಕೊರೆದರು. ನೀರು ಏರುವ ಮೊದಲು ಅದನ್ನು ಮುಚ್ಚಬೇಕು. ಮೊದಲ ಸರದಿ ನನ್ನದು.

ಕಟ್ಟಿನ ಮಣ್ಣನ್ನು ನಮ್ಮವರು ಎಂದೂ ಕೆಳಗಿಡುವುದಿಲ್ಲ. ಅಗೆದವರ ಕೈಯಿಂದ ಕೈಗೆ ದಾಟಿ ಅದು ಹಸಿಹಸಿಯಾಗಿ ಕಟ್ಟು ಸೇರಬೇಕು, ನೆಲ ಕಂಡ ಮುದ್ದೆ ಬೆಸೆಯುವುದಿಲ್ಲ ಎಂದು ನಂಬಿಕೆ. ನಾನು ಒಬ್ಬಳೇ ಅಗೆದು, ಕೆಳಗಿಟ್ಟು, ಕಂಡಿಗೆ ಇಳಿದು, ಮತ್ತೆ ಹತ್ತಿ ಬರಬೇಕಾಗಿತ್ತು. ಎರಡನೆಯ ಮುದ್ದೆ ಕೆಳಗಿಡಲು ಬಗ್ಗಿದೆ. ನನ್ನ ನಂತರದ ಸರದಿಗೆ ಕಾಯುತ್ತಿದ್ದ ಸಣ್ಕೂಸಮ್ಮ ಕೈ ಚಾಚಿ ಅದನ್ನು ತೆಗೆದುಕೊಂಡಳು. ನಾನು ಸೋತರೆ ಚೀಟಿ ಅವಳಿಗೇ ಸಿಗುವ ಸಂಭವವಿತ್ತು. ಅವಳು ಹಿಂದಿದ್ದ ನಾಲ್ವರ ಕಡೆ ತಿರುಗಿ, "ನಿಂತ್ಕಂಡು ಎಂತಾ ನೋಡ್ತ್ರಿ? ಬನ್ನಿ ಇಳೀರಿ," ಎಂದಳು. ಎಲ್ಲರೂ ಇಳಿದರು. ಕಂಡಿ ಮುಚ್ಚಿ ಕೈ ತೊಳೆಯುವಾಗಲಷ್ಟೇ ನಮಗೆ ಪರೀಕ್ಷೆಯ ನೆನಪಾದದ್ದು. ಸಣ್ಕೂಸಮ್ಮ ತಲೆ ಚಚ್ಚಿಕೊಂಡಳು, ಆಮೇಲೆ ನಗಲು ಶುರುಮಾಡಿದಳು. ಆರು ಜನರಿಗೂ ಸೊನ್ನೆ ಬಿತ್ತು.

ಪರೀಕ್ಷಾಧಿಕಾರಿ ಇಸಾಕ್ ವೆರ್ಗ್ ಕೆಟ್ಟವನಲ್ಲ. ನಮ್ಮ ಮನೆಯಲ್ಲಿ ಕೂತು ಮೀನಿನ ಸಾರು ಉಂಡವನು. ಮರುದಿನ ಬಂದು ಒಂದು ದಾರಿ ಹೇಳಿಕೊಟ್ಟ. ಆ ಐವರು ನನ್ನ ಪರೀಕ್ಷೆ ಕೆಡಿಸಲೆಂದೇ ನುಗ್ಗಿದರು ಎಂದು ನಾನು ಬರೆದುಕೊಟ್ಟರೆ ಚೀಟಿ ನನಗೆ, ಕುಸುಮಾಗೂ ನೆಲೆ, ಆ ಐವರನ್ನು ಮಾತ್ರ ಕೆಲಸದಿಂದ ತೆಗೆಯುತ್ತಾರಂತೆ. ಸುಳ್ಳು ಹೇಳುವುದಿಲ್ಲ, ಅವನು ತಂದಿದ್ದ ಕಾಗದವನ್ನು ಕೈಗೆ ತೆಗೆದುಕೊಂಡೆ. ಮಗಳ ಮುಖ ನೋಡಿದೆ. ಅವಳು ತಟ್ಟೆ ತೊಳೆಯುತ್ತ, "ಆಯಿ, ನೀ ಸಹಿ ಮಾಡ್ದ್ರೆ ನಾ ಈ ಊರಲ್ಲಿ ಉಳ್ದು ಯಾರ್ ಮನಿಗೆ ಹೋಗೂದು?" ಎಂದಳು. ನಾನು ಇಸಾಕನಿಗೆ ಇನ್ನೊಂದು ಸೌಟು ಸಾರು ಬಡಿಸಿದೆ, ಸಹಿ ಹಾಕದ ಕಾಗದವನ್ನು ಮಡಚಿ ಅವನ ಕೈಗೇ ಕೊಟ್ಟೆ.

ಅಂದಿನಿಂದ ನಾವು ಆರು ಮನೆಯವರೂ ಕಟ್ಟಿನ ಹೊರಮೈಗೆ ಬಂದು ಗುಡಿಸಲು ಹಾಕಿಕೊಂಡಿದ್ದೇವೆ. ಈ ಇಳಿಜಾರು ಅಧಿಕಾರಿಗಳ ನಕ್ಷೆಯಲ್ಲಿ ನೆಲವೂ ಅಲ್ಲ, ಕಡಲೂ ಅಲ್ಲ. ನಾವು ಹಾಕಿದ ಮಣ್ಣಿನ ಮೇಲೆ ನಾವು ನಿಲ್ಲಲು ಯಾರ ಅಪ್ಪಣೆ ಬೇಕು ಎಂದು ಕೇಳಿದೆವು, ಉತ್ತರ ಬಂದಿಲ್ಲ. ಆರು ಹೆಸರಿನ ಒಂದೇ ಅರ್ಜಿ ಹಾಕಿದ್ದೇವೆ. ತಿರಸ್ಕರಿಸಿದಾಗಲೆಲ್ಲ ಮತ್ತೆ ಹಾಕುತ್ತೇವೆ. ತಿರಸ್ಕರಿಸಿ ಅವರಿಗೆ ಸಾಕಾದೀತು, ಹಾಕಿ ನಮಗೆ ಸಾಕಾಗುವುದಿಲ್ಲ. ಕಟ್ಟಿನ ಕೆಲಸವನ್ನಂತೂ ಬಿಟ್ಟಿಲ್ಲ, ಒಳಗೆ ಮಲಗಿರುವ ಮಕ್ಕಳು ನಿಯಮ ಬರೆದವರಲ್ಲ.

ಹಿರಿಯರೇ, ಈ ಒಂಟಿಗೈ ನಿಮ್ಮ ಕಾಲದಲ್ಲಿ ಮೊಳೆತದ್ದು. ನಿಮ್ಮ ಅಂಕ, ನಿಮ್ಮ ಅನುಭವ, ನಿಮ್ಮ ಅರ್ಹತೆ ಎಂದು ಒಬ್ಬೊಬ್ಬರನ್ನೇ ತೂಗಿದಾಗ ನೀವು ಸುಮ್ಮನೆ ತಕ್ಕಡಿ ಹತ್ತಿದಿರಿ. ಪಕ್ಕದವರಿಗಿಂತ ಒಂದು ಅಂಕ ಹೆಚ್ಚು ಬಂದದ್ದಕ್ಕೆ ಸಿಹಿ ಹಂಚಿದಿರಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದನ್ನು ಮರೆಮಾಚುವುದಿಲ್ಲ. ನೀವು ಇನ್ನೂ ಸಾಲಿನಲ್ಲೇ ಇದ್ದೀರಿ, ಆದ್ದರಿಂದ ಕೇಳುತ್ತೇನೆ: ಕೌಂಟರಿನ ಆಚೆ ಕೂತವರು ನೀವೊಬ್ಬರೇ ಏನು ಮಾಡಬಲ್ಲಿರಿ ಎಂದಾಗ, ಹಿಂದೆ ಮುಂದೆ ನಿಂತವರ ಹೆಸರನ್ನೂ ಹೇಳಿ. ಆ ಹೆಸರು ಬರೆಯಲು ಜಾಗವಿಲ್ಲ ಎಂದರೆ ಜಾಗ ಮಾಡಿಸಿ.

ನಾಳೆ ನೀರು ಏರಿದಾಗ ತೇಲುಮನೆಯ ದೋಣಿ ಬರುತ್ತದೆ. ಕುಸುಮಾ ಅದನ್ನು ಹತ್ತುವುದಿಲ್ಲ. ನಾನು ಹತ್ತಿಸುವುದಿಲ್ಲ.

ಇಲ್ಲಿಯವಳೇ ಆದ,
ಗಂಗೆ ಪಟಗಾರ